ಗ್ರಾಹಕರ ಅಡ್ವಾನ್ಸ್ ಲೆಕ್ಕ ಕೂಡುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಇಂಟೀರಿಯರ್, ಫ್ಯಾಬ್ರಿಕೇಷನ್, ಮದುವೆ ಡೆಕೊರೇಷನ್, ಬೋರ್ಡ್ ಬರೆಸುವ ಕೆಲಸ. ಇಂಥ ಸಣ್ಣ ವ್ಯವಹಾರಗಳಲ್ಲಿ ದುಡ್ಡು ಮೊದಲು ಬರುತ್ತದೆ, ಬಿಲ್ ಕೊನೆಗೆ ಆಗುತ್ತದೆ. ನಡುವೆ ಆ ದುಡ್ಡಿನಲ್ಲೇ ಪ್ಲೈವುಡ್ ಬರುತ್ತದೆ, ಬಡಗಿಯವರ ಕೂಲಿ ಹೋಗುತ್ತದೆ, ಟೆಂಪೋ ಬಾಡಿಗೆ ಹೋಗುತ್ತದೆ. ಲೆಕ್ಕ ಕೆಡುವುದು ಈ ನಡುವಿನ ಎರಡು ಮೂರು ತಿಂಗಳಲ್ಲೇ.

ಅದರಲ್ಲೂ ಫೆಬ್ರವರಿಯಿಂದ ಮೇ ತನಕ ಜಾಸ್ತಿ. ಗೃಹಪ್ರವೇಶದ ಮುಹೂರ್ತಗಳು ಬೇಸಿಗೆಯಲ್ಲಿ ಬರುತ್ತವೆ. ಅದಕ್ಕೆ ಎರಡು ತಿಂಗಳು ಮೊದಲೇ ಜನ ಅಡ್ವಾನ್ಸ್ ಕೊಡುತ್ತಾರೆ. ನಮ್ಮ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ದುಡ್ಡು ಈ ವರ್ಷ, ಬಿಲ್ ಮುಂದಿನ ವರ್ಷ.

ಶುರುವಿನಲ್ಲೇ ಒಂದು ವಿಷಯ ತಿಳಿದಿರಲಿ. ಕೆಳಗೆ ಹೇಳುವ ತಪ್ಪುಗಳಲ್ಲಿ ಒಂದೂ ಟ್ರಯಲ್ ಬ್ಯಾಲೆನ್ಸ್‌ನಲ್ಲಿ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಒಟ್ಟು ಸಮ ಇದೆಯಾ ಅಂತ ನೋಡುವ ಪಟ್ಟಿಯಲ್ಲಿ) ಸಿಕ್ಕಿಬೀಳುವುದಿಲ್ಲ. ಅಡ್ವಾನ್ಸನ್ನು ಮಾರಾಟಕ್ಕೆ ಹಾಕಿದರೂ ಡೆಬಿಟ್ ಕ್ರೆಡಿಟ್ ಸಮ ಇರುತ್ತದೆ. ಒಬ್ಬರ ದುಡ್ಡನ್ನು ಇನ್ನೊಬ್ಬರ ಖಾತೆಗೆ ಹಾಕಿದರೂ ಸಮ ಇರುತ್ತದೆ. "ಎಲ್ಲ ಟ್ಯಾಲಿ ಆಗಿದೆಯಲ್ಲ" ಅಂತ ಸುಮ್ಮನೆ ಕೂತರೆ ತಪ್ಪು ಅಲ್ಲೇ ಬೇರು ಬಿಡುತ್ತದೆ. ಬೇರೆ ರೀತಿಯ ಪರೀಕ್ಷೆ ಬೇಕು.

ಸರಿಯಾಗಿದ್ದರೆ ಹೇಗಿರುತ್ತದೆ

ತಪ್ಪು ಹುಡುಕಲು ಮೊದಲು ಸರಿ ಯಾವುದು ಅಂತ ಕಣ್ಣ ಮುಂದೆ ಇರಬೇಕು. ಉದಾಹರಣೆಗೆ ದಾವಣಗೆರೆಯ ಒಂದು ಸಣ್ಣ ಇಂಟೀರಿಯರ್ ಅಂಗಡಿ ಇಟ್ಟುಕೊಳ್ಳೋಣ. ಮಾಲೀಕರು ಒಬ್ಬರೇ, ಜಿಎಸ್‌ಟಿ ನೋಂದಣಿ ಇದೆ, ಲೆಕ್ಕ ಟ್ಯಾಲಿ ಪ್ರೈಮ್ ಸಾಫ್ಟ್‌ವೇರ್‌ನಲ್ಲಿ. ವಿದ್ಯಾನಗರದ ಒಂದು ಮನೆಗೆ ಅಡುಗೆಮನೆ ಕ್ಯಾಬಿನೆಟ್, ಗೋಡೆಗೆ ಕೂರಿಸುವ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್. ಮಾತಾದ ಮೊತ್ತ 6,00,000 ರೂಪಾಯಿ, 18% ಜಿಎಸ್‌ಟಿ 1,08,000, ಒಟ್ಟು 7,08,000. ಫೆಬ್ರವರಿಯಲ್ಲಿ ಬಂದ ಅಡ್ವಾನ್ಸ್ 2,36,000. ಬಿಲ್ ಮೇ ತಿಂಗಳಲ್ಲಿ.

ಫೆಬ್ರವರಿಯ ಎಂಟ್ರಿ ಎಫ್6 ಕೀ, ರಿಸಿಪ್ಟ್ ವೋಚರ್ (ದುಡ್ಡು ಬಂದದ್ದನ್ನು ಬರೆಯುವ ನಮೂದು):

ಬ್ಯಾಂಕ್ ಡೆಬಿಟ್ 2,36,000
ವಿದ್ಯಾನಗರ ಮನೆ (ಗ್ರಾಹಕರ ಲೆಡ್ಜರ್) ಕ್ರೆಡಿಟ್ 2,36,000

ಗ್ರಾಹಕರ ಲೆಡ್ಜರ್ ಸಂಡ್ರಿ ಡೆಟರ್ಸ್ (ನಮಗೆ ದುಡ್ಡು ಕೊಡಬೇಕಾದವರ) ಗುಂಪಿನಲ್ಲಿ ಇರುತ್ತದೆ, ಬಿಲ್-ಬೈ-ಬಿಲ್ (ಒಂದೊಂದು ಬಿಲ್‌ನ ಬಾಕಿ ಬೇರೆ ಬೇರೆ ಇಡುವ ಆಯ್ಕೆ) ಆನ್ ಆಗಿರುತ್ತದೆ. ಮೊತ್ತ ಹಾಕಿದ ತಕ್ಷಣ ಟ್ಯಾಲಿ ಕೇಳುತ್ತದೆ: ಅಡ್ವಾನ್ಸ್, ಅಗೇನ್ಸ್ಟ್ ರೆಫ್ (ಹಳೆಯ ಹೆಸರಿನ ಎದುರು ಹೊಂದಿಸುವುದು), ನ್ಯೂ ರೆಫ್ (ಹೊಸ ಬಾಕಿ), ಆನ್ ಅಕೌಂಟ್ (ಯಾವ ಬಿಲ್‌ಗೂ ಸೇರಿಸದೆ ಇಡುವುದು)? ಇಲ್ಲಿ "ಅಡ್ವಾನ್ಸ್" ಆರಿಸಿ ಒಂದು ಹೆಸರು ಕೊಡಬೇಕು. ಮೇ ತಿಂಗಳಲ್ಲಿ 7,08,000ಕ್ಕೆ ಸೇಲ್ಸ್ ವೋಚರ್ ಹಾಕುವಾಗ 2,36,000ವನ್ನು ಅದೇ ಹೆಸರಿನ ಎದುರು ಅಗೇನ್ಸ್ಟ್ ರೆಫ್ ಮಾಡಬೇಕು, ಉಳಿದ 4,72,000ಕ್ಕೆ ನ್ಯೂ ರೆಫ್. ಅಷ್ಟಾದರೆ ಗ್ರಾಹಕರು ಕೊಡಬೇಕಾದ್ದು 4,72,000 ಅಂತ ಸರಿಯಾಗಿ ತೋರಿಸುತ್ತದೆ.

ಕೆಲವರು ಕರೆಂಟ್ ಲಯಬಿಲಿಟಿ ಗುಂಪಿನಲ್ಲಿ "ಗ್ರಾಹಕರಿಂದ ಮುಂಗಡ" ಅಂತ ಬೇರೆ ಲೆಡ್ಜರ್ ಇಡುತ್ತಾರೆ. ಅದೂ ಸರಿಯೇ. ಆದರೆ ಬಿಲ್ ಆದಾಗ ಒಂದು ಜರ್ನಲ್ ಹಾಕಿ ಅಲ್ಲಿಂದ ಇಲ್ಲಿಗೆ ತರಬೇಕು, ಮರೆಯುವುದು ಅದನ್ನೇ. ಒಬ್ಬರೇ ಲೆಕ್ಕ ನೋಡುವ ಅಂಗಡಿಗೆ ಒಬ್ಬ ಗ್ರಾಹಕರಿಗೆ ಒಂದೇ ಲೆಡ್ಜರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಾರ್ಚ್ 31ಕ್ಕೆ ಕ್ರೆಡಿಟ್ ಬಾಕಿ ಇರುವ ಗ್ರಾಹಕರ ಪಟ್ಟಿ ತೆಗೆದು ಆಡಿಟರ್‌ಗೆ ಕೊಟ್ಟರೆ ಅವರು ಅದನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಕಡೆ ತೋರಿಸುತ್ತಾರೆ. ಬಿಲ್ ಆಗದ ಅಡ್ವಾನ್ಸ್ ನಮ್ಮ ಮೇಲಿನ ಋಣ. ಕೆಲಸ ಮಾಡಿ ತೀರಿಸಬೇಕು, ಇಲ್ಲಾಂದ್ರೆ ದುಡ್ಡು ವಾಪಸ್ ಕೊಡಬೇಕು.

ಮೊದಲ ಪರೀಕ್ಷೆ: ಒಂದು ಹಾಳೆ, ಐದು ಕಾಲಂ

ಕಂಪ್ಯೂಟರ್ ಬಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ನಡೆಯುತ್ತಿರುವ ಒಂದೊಂದು ಕೆಲಸಕ್ಕೂ ಒಂದು ಸಾಲು. ಗ್ರಾಹಕರು ಎಷ್ಟು ಕೊಟ್ಟರು, ಎಷ್ಟಕ್ಕೆ ಬಿಲ್ ಆಗಿದೆ, ಎಷ್ಟು ವಾಪಸ್ ಕೊಟ್ಟಿದ್ದೇವೆ, ಹಾಗಾದರೆ ಎಷ್ಟು ಉಳಿಯಬೇಕು, ಟ್ಯಾಲಿಯಲ್ಲಿ ಎಷ್ಟಿದೆ. ಮೊದಲ ಕಾಲಂ ತುಂಬಲು ಟ್ಯಾಲಿ ನೋಡಬೇಡಿ. ಮಾಲೀಕರ ಡೈರಿ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್‌ಗೆ ಬಂದ ಪೇಮೆಂಟ್ ಸ್ಕ್ರೀನ್‌ಶಾಟ್ ನೋಡಿ. ಟ್ಯಾಲಿಯಿಂದಲೇ ಎರಡೂ ಕಡೆ ತುಂಬಿದರೆ ತಪ್ಪು ತನ್ನನ್ನೇ ತಾನು ಸರಿ ಅನ್ನುತ್ತದೆ.

ನಾಲ್ಕನೇ ಮತ್ತು ಐದನೇ ಕಾಲಂ ಬೇರೆ ಬೇರೆ ಬಂದ ಸಾಲುಗಳೇ ನಿಮ್ಮ ರೋಗಿಗಳು. ಸರಿಯಿದ್ದ ಸಾಲುಗಳನ್ನು ಮುಟ್ಟಬೇಡಿ.

ಮೊತ್ತಕ್ಕಿಂತ ಮೊದಲು ದಿಕ್ಕು ನೋಡಿ. ಬಿಲ್ ಆಗದ ಗ್ರಾಹಕರ ಬಾಕಿ ಕ್ರೆಡಿಟ್ ಇರಬೇಕು. ಬಿಲ್ ಆಗದೆಯೇ ಡೆಬಿಟ್ ತೋರಿಸಿದರೆ ಯಾರೋ ಖರ್ಚನ್ನು ಅವರ ಖಾತೆಗೆ ಹಾಕಿದ್ದಾರೆ. ಸೊನ್ನೆ ತೋರಿಸಿದರೆ ದುಡ್ಡು ಬೇರೆಲ್ಲೋ ಕೂತಿದೆ. ಬಿಲ್ ಆದ ಮೇಲೂ ಪೂರ್ತಿ ಮೊತ್ತ ಬಾಕಿ ತೋರಿಸಿದರೆ ಅಡ್ವಾನ್ಸ್ ಹೊಂದಾಣಿಕೆ ಆಗಿಲ್ಲ, ಇಲ್ಲವೇ ಅದು ಆ ಖಾತೆಗೆ ಬಂದೇ ಇಲ್ಲ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

"ಅಡ್ವಾನ್ಸ್" ಅಂತ ಒಂದೇ ಲೆಡ್ಜರ್ ಇದ್ದರೆ

ಮೊದಲು ಲೆಡ್ಜರ್ ಪಟ್ಟಿಯಲ್ಲಿ ಬರೀ "ಅಡ್ವಾನ್ಸ್" ಅಥವಾ "ಅಡ್ವಾನ್ಸ್ ಅಕೌಂಟ್" ಅನ್ನುವ ಹೆಸರಿದೆಯಾ ನೋಡಿ. ಇದ್ದರೆ ಬೇರೆಲ್ಲೂ ಹುಡುಕುವ ಮೊದಲು ಅದನ್ನು ತೆರೆಯಿರಿ. ಗ್ರಾಹಕರು ಕೊಟ್ಟದ್ದೂ ಅಡ್ವಾನ್ಸ್, ಬಡಗಿಗೆ ಕೊಟ್ಟದ್ದೂ ಅಡ್ವಾನ್ಸ್, ಪ್ಲೈವುಡ್ ಅಂಗಡಿಗೆ ಮೊದಲೇ ಹಾಕಿದ್ದೂ ಅಡ್ವಾನ್ಸ್, ಗೋಡೌನ್ ಬಾಡಿಗೆಗೆ ಇಟ್ಟ ಡಿಪಾಸಿಟ್ಟನ್ನೂ ನಮ್ಮಲ್ಲಿ ಅಡ್ವಾನ್ಸ್ ಅಂತಲೇ ಕರೆಯುತ್ತೇವೆ. ಎಲ್ಲವೂ ಅಲ್ಲಿಗೇ ಬಂದು ಬಿದ್ದಿರುತ್ತವೆ.

ಪರಿಣಾಮ ಹೀಗೆ. ಗ್ರಾಹಕರಿಂದ ಬಂದದ್ದು 5,00,000. ಬಡಗಿಗಳಿಗೆ ಕೊಟ್ಟದ್ದು 80,000. ಗೋಡೌನ್ ಡಿಪಾಸಿಟ್ 1,50,000. ಲೆಡ್ಜರ್ ತೋರಿಸುವುದು ಕ್ರೆಡಿಟ್ 2,70,000. ನಿಮ್ಮ ಮೇಲಿರುವ ಋಣ ಐದು ಲಕ್ಷ, ಕಾಣುವುದು ಎರಡು ಮುಕ್ಕಾಲು ಲಕ್ಷಕ್ಕೂ ಕಡಿಮೆ. ಮಾಲೀಕರು ಅದನ್ನು ನೋಡಿ ಧೈರ್ಯವಾಗಿ ಹೊಸ ಮಷೀನ್‌ಗೆ ಕೈ ಹಾಕುತ್ತಾರೆ.

ಸರಿಪಡಿಸಲು ಎಂಟ್ರಿಗಳನ್ನು ಒಂದೊಂದಾಗಿ ತೆರೆದು ಯಾರಿಗೆ ಸೇರಿದ್ದೋ ಅವರ ಲೆಡ್ಜರ್‌ಗೆ ಬದಲಾಯಿಸಬೇಕು. ಗ್ರಾಹಕರದ್ದು ಅವರವರ ಹೆಸರಿಗೆ. ಕೆಲಸಗಾರರದ್ದು "ಕೆಲಸಗಾರರಿಗೆ ಕೊಟ್ಟ ಮುಂಗಡ", ಅದು ಲೋನ್ಸ್ ಅಂಡ್ ಅಡ್ವಾನ್ಸಸ್ ಗುಂಪು. ಸರಬರಾಜುದಾರರದ್ದು ಅವರ ಕ್ರೆಡಿಟರ್ ಲೆಡ್ಜರ್‌ಗೇ. ಗೋಡೌನ್ ದುಡ್ಡು ಡಿಪಾಸಿಟ್ಸ್ ಗುಂಪಿಗೆ. ಮುಗಿದ ಮೇಲೆ ಆ ಹಳೆಯ ಲೆಡ್ಜರನ್ನು ಅಳಿಸಿಬಿಡಿ. ಇದ್ದರೆ ಮತ್ತೆ ಯಾರಾದರೂ ಅದಕ್ಕೇ ಹಾಕುತ್ತಾರೆ. ಸೂಪರ್‌ವೈಸರ್ ಕೈಗೆ ನಗದು ಕೊಟ್ಟು ಅವರಿಂದ ಇನ್ನೂ ಲೆಕ್ಕ ಬಂದಿಲ್ಲದಿದ್ದರೆ ಆ ದುಡ್ಡಿಗೂ ಅವರ ಹೆಸರಿನಲ್ಲೇ ಒಂದು ಲೆಡ್ಜರ್ ಇರಲಿ.

ಲಾಭ ಈ ವರ್ಷ ಉಬ್ಬಿದೆ, ಮುಂದಿನ ವರ್ಷ ಬತ್ತಿದೆ

ಅಡ್ವಾನ್ಸನ್ನು ನೇರವಾಗಿ ಮಾರಾಟಕ್ಕೆ ಜಮೆ ಮಾಡಿದಾಗ ಹೀಗಾಗುತ್ತದೆ. ಲಕ್ಷಣ ಸುಲಭ: ರಿಸಿಪ್ಟ್ ವೋಚರ್‌ನಲ್ಲಿ ಸೇಲ್ಸ್ ಲೆಡ್ಜರ್. ಸೇಲ್ಸ್ ಲೆಡ್ಜರ್ ತೆರೆದು ವೋಚರ್ ಟೈಪ್ ಕಾಲಂ ನೋಡಿ. ಅಲ್ಲಿ ಸೇಲ್ಸ್, ಕ್ರೆಡಿಟ್ ನೋಟ್ ಬಿಟ್ಟು "ರಿಸಿಪ್ಟ್" ಅನ್ನುವುದು ಒಂದು ಕಡೆ ಕಂಡರೂ ನಿಲ್ಲಿಸಿ, ಎಂಟರ್ ಒತ್ತಿ ಒಳಗೆ ನೋಡಿ.

ವಿದ್ಯಾನಗರದ ಕೆಲಸದಲ್ಲಿ ಹೀಗಾದರೆ ಏನಾಗುತ್ತದೆ ನೋಡೋಣ. ಫೆಬ್ರವರಿಯಲ್ಲಿ 2,36,000 ಮಾರಾಟ ಅಂತ ಕೂತಿತು. ಮೇ ತಿಂಗಳಲ್ಲಿ ಪೂರ್ತಿ ಬಿಲ್ ಆಯಿತು, ಮತ್ತೆ 6,00,000 ಮಾರಾಟ. ಆರು ಲಕ್ಷದ ಕೆಲಸಕ್ಕೆ 8,36,000 ಮಾರಾಟ. ಗ್ರಾಹಕರ ಖಾತೆಯಲ್ಲಿ 7,08,000 ಬಾಕಿ. ಫೋನ್ ಮಾಡಿದರೆ ಅವರು, "ಎರಡು ಮೂವತ್ತಾರು ಆಗ್ಲೇ ಹಾಕಿದೀನಲ್ರೀ" ಅನ್ನುತ್ತಾರೆ.

ಇಲ್ಲಿ ಎರಡನೇ ತಪ್ಪು ಹುಟ್ಟುತ್ತದೆ, ಮೊದಲನೆಯದಕ್ಕಿಂತ ಕೆಟ್ಟದ್ದು. ಖಾತೆ ಮುಚ್ಚಲೇಬೇಕಲ್ಲ ಅಂತ ಯಾರೋ 2,36,000ವನ್ನು ಡಿಸ್ಕೌಂಟ್‌ಗೆ ಹಾಕಿಬಿಡುತ್ತಾರೆ. ಅದಕ್ಕೇ ಡಿಸ್ಕೌಂಟ್ ಮತ್ತು ರೌಂಡ್ ಆಫ್ ಲೆಡ್ಜರ್‌ಗಳನ್ನೂ ಒಮ್ಮೆ ನೋಡಬೇಕು. ಲಕ್ಷಗಟ್ಟಲೆ ಡಿಸ್ಕೌಂಟ್ ಕೊಡುವ ಇಂಟೀರಿಯರ್ ಅಂಗಡಿ ನಾನಂತೂ ನೋಡಿಲ್ಲ. ಅಂಥ ಅಂಕಿ ಕಂಡರೆ ಅದರ ಹಿಂದೆ ಹೊಂದಾಣಿಕೆಯಾಗದ ಅಡ್ವಾನ್ಸ್ ಇದೆಯಾ ಅಂತ ಮೊದಲು ನೋಡಿ.

ವರ್ಷ ಮುಗಿಯುವ ಮೊದಲೇ ಸಿಕ್ಕರೆ ರಿಸಿಪ್ಟ್ ವೋಚರ್ ತೆರೆದು ಸೇಲ್ಸ್ ಜಾಗದಲ್ಲಿ ಗ್ರಾಹಕರ ಲೆಡ್ಜರ್ ಹಾಕಿ, ಅಡ್ವಾನ್ಸ್ ರೆಫ್ ಕೊಟ್ಟರೆ ಸಾಕು.

ಆದರೆ ಆದಾಯ ಮಾತ್ರ ಸರಿಮಾಡಿ ಕೈತೊಳೆದುಕೊಂಡರೆ ಲೆಕ್ಕ ಇನ್ನೊಂದು ಕಡೆ ವಾಲುತ್ತದೆ. ಮಾರ್ಚ್ 31ರ ಹೊತ್ತಿಗೆ ಆ ಮನೆಗೆ ಪ್ಲೈವುಡ್, ಲ್ಯಾಮಿನೇಟ್, ಹಿಂಜ್, ಕೂಲಿ ಅಂತ 1,40,000 ಖರ್ಚಾಗಿದೆ ಅಂದುಕೊಳ್ಳಿ. ಆದಾಯ ಮುಂದಿನ ವರ್ಷಕ್ಕೆ ಹೋಯಿತು, ಖರ್ಚು ಮಾತ್ರ ಈ ವರ್ಷವೇ ಉಳಿಯಿತು. ಈಗ ಸುಳ್ಳು ನಷ್ಟ. ಆ 1,40,000ವನ್ನು "ನಡೆಯುತ್ತಿರುವ ಕೆಲಸ" ಅಂತ ಕ್ಲೋಸಿಂಗ್ ಸ್ಟಾಕ್ ಜೊತೆ ತೋರಿಸಬೇಕು, ಏಪ್ರಿಲ್ 1ಕ್ಕೆ ಅದು ಓಪನಿಂಗ್ ಆಗಿ ಬರಬೇಕು. ವರ್ಷಗಟ್ಟಲೆ ನಡೆಯುವ ದೊಡ್ಡ ಗುತ್ತಿಗೆಗಳಲ್ಲಿ ಕೆಲಸ ಎಷ್ಟು ಆಗಿದೆಯೋ ಅಷ್ಟಕ್ಕೆ ಆದಾಯವನ್ನೂ ತೋರಿಸಬೇಕಾಗುತ್ತದೆ. ನಿಮ್ಮದು ಆ ಜಾತಿಯದ್ದಾ ಅಂತ ಆಡಿಟರ್ ಹತ್ತಿರ ಮಾತಾಡಿ. ಎರಡು ಮೂರು ತಿಂಗಳ ಮನೆ ಕೆಲಸಕ್ಕೆ ಮೇಲಿನ ದಾರಿ ಸಾಕಾಗುತ್ತದೆ.

ಗ್ರಾಹಕರು ಕೊಟ್ಟಿದ್ದಾರೆ, ಖಾತೆಯಲ್ಲಿ ಕಡಿಮೆ ಇದೆ

ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

ಒಂದು, ಆನ್ ಅಕೌಂಟ್. ರಿಸಿಪ್ಟ್ ಹಾಕುವಾಗ ಅವಸರದಲ್ಲಿ ಅಡ್ವಾನ್ಸ್ ಬದಲು ಆನ್ ಅಕೌಂಟ್ ಆಗಿಬಿಟ್ಟಿರುತ್ತದೆ. ಲೆಡ್ಜರ್ ಬಾಕಿ ಸರಿಯಾಗಿಯೇ ಇರುತ್ತದೆ, ಆದರೆ ಬಿಲ್ ಬಾಕಿ ಪಟ್ಟಿಯಲ್ಲಿ ಪೂರ್ತಿ ಬಿಲ್ ತೆರೆದೇ ಇರುತ್ತದೆ. ಲೆಡ್ಜರ್ ಒಂದು ಹೇಳುತ್ತದೆ, ಔಟ್‌ಸ್ಟ್ಯಾಂಡಿಂಗ್ಸ್ ರಿಪೋರ್ಟ್ ಇನ್ನೊಂದು ಹೇಳುತ್ತದೆ ಅಂದರೆ ಕಾರಣ ಇದೇ. ರಿಸಿಪ್ಟ್ ವೋಚರ್ ತೆರೆದು ಬಿಲ್ ಹಂಚಿಕೆ ಬದಲಾಯಿಸಿದರೆ ಮುಗಿಯಿತು.

ಎರಡು, ಮಾಲೀಕರ ಫೋನ್. ಅಡ್ವಾನ್ಸ್‌ನಲ್ಲಿ ಸ್ವಲ್ಪ ಭಾಗ ಅಂಗಡಿ ಖಾತೆಗೆ ಬಾರದೆ ಮಾಲೀಕರ ಸ್ವಂತ ಫೋನ್‌ಪೇ, ಗೂಗಲ್ ಪೇಗೆ ಬಂದಿರುತ್ತದೆ. ಅವರು ಅದರಲ್ಲೇ ಮಕ್ಕಳ ಫೀಸ್ ಕಟ್ಟಿರುತ್ತಾರೆ, ಹಾರ್ಡ್‌ವೇರ್ ಅಂಗಡಿಗೂ ಕೊಟ್ಟಿರುತ್ತಾರೆ. ಅಂಗಡಿ ಬ್ಯಾಂಕ್ ಸ್ಟೇಟ್‌ಮೆಂಟ್ ಎಷ್ಟು ತಿರುವಿದರೂ ಸಿಗುವುದಿಲ್ಲ. "ಸರ್, ನಿಮ್ಮ ನಂಬರ್‌ಗೆ ಏನಾದ್ರೂ ಬಂದಿದೆಯಾ?" ಅಂತ ಕೇಳುವುದೊಂದೇ ದಾರಿ. ಬಂದಿದ್ದರೆ ಜರ್ನಲ್ ಹಾಕಿ: ಮಾಲೀಕರ ಡ್ರಾಯಿಂಗ್ಸ್ (ಸ್ವಂತಕ್ಕೆ ತೆಗೆದುಕೊಂಡ ದುಡ್ಡಿನ ಖಾತೆ) ಡೆಬಿಟ್, ಗ್ರಾಹಕರ ಲೆಡ್ಜರ್ ಕ್ರೆಡಿಟ್. ಅದರಿಂದ ಅಂಗಡಿ ಖರ್ಚು ಮಾಡಿದ್ದರೆ ಆ ಖರ್ಚು ಡೆಬಿಟ್, ಡ್ರಾಯಿಂಗ್ಸ್ ಕ್ರೆಡಿಟ್. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಡ್ರಾಯಿಂಗ್ಸ್ ಇರುವುದಿಲ್ಲ. ಅಲ್ಲಿ ಇದು ನಿರ್ದೇಶಕರು ಕಂಪನಿಗೆ ಕೊಡಬೇಕಾದ ಬಾಕಿ, ಕೂಡಲೇ ವಾಪಸ್ ಕಟ್ಟಿಸಿ.

ಮೂರು, ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಮನೆ ಕಟ್ಟಿಸುವವರು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಗ್ರಾಹಕರು ಕಂಪನಿ, ಫರ್ಮ್ ಆಗಿದ್ದರೆ ಹಿಡಿಯುತ್ತಾರೆ. ಟಿಡಿಎಸ್ ಬಿಲ್‌ಗೆ ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಖಾತೆಗೆ ಜಮೆ ಅಥವಾ ಪಾವತಿ, ಎರಡರಲ್ಲಿ ಯಾವುದು ಮೊದಲೋ ಆಗಲೇ ಹಿಡಿಯಬೇಕು. ಹಾಗಾಗಿ ಅಡ್ವಾನ್ಸ್‌ಗೂ ಬೀಳುತ್ತದೆ. ಗುತ್ತಿಗೆ ಕೆಲಸಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ, 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಂ ಪ್ರಕಾರ, ಕೆಲಸ ಮಾಡುವವರು ವ್ಯಕ್ತಿಯಾದರೆ 1%, ಫರ್ಮ್ ಅಥವಾ ಕಂಪನಿಯಾದರೆ 2%.

ಪಿ.ಬಿ. ರಸ್ತೆಯ ಒಂದು ಕಂಪನಿ ಆಫೀಸ್‌ನವರು 1,00,000 ಅಡ್ವಾನ್ಸ್ ಅಂತ ಒಪ್ಪಿಕೊಂಡರು, ಬ್ಯಾಂಕ್‌ಗೆ ಬಂದದ್ದು 99,000. ಲೆಕ್ಕ ಬರೆಯುವವರು 99,000 ಮಾತ್ರ ಜಮೆ ಮಾಡಿದರೆ ಎರಡು ಕಡೆ ನಷ್ಟ. ಕೊನೆಯಲ್ಲಿ ಗ್ರಾಹಕರ ಜೊತೆ 1,000 ರೂಪಾಯಿ ತಕರಾರು, ಜೊತೆಗೆ ತೆರಿಗೆಯಲ್ಲಿ ಸಿಗಬೇಕಾದ 1,000 ಕ್ರೆಡಿಟ್ ಕೂಡ ಕೈತಪ್ಪಬಹುದು. ಸರಿಯಾದ ಎಂಟ್ರಿ:

ಬ್ಯಾಂಕ್ ಡೆಬಿಟ್ 99,000
ಟಿಡಿಎಸ್ ಬರಬೇಕಾದ್ದು ಡೆಬಿಟ್ 1,000
ಗ್ರಾಹಕರ ಲೆಡ್ಜರ್ ಕ್ರೆಡಿಟ್ 1,00,000

ಅಡ್ವಾನ್ಸ್ ಈ ವರ್ಷ, ಆದಾಯ ಮುಂದಿನ ವರ್ಷ ಆದರೆ ಟಿಡಿಎಸ್ ಕ್ರೆಡಿಟ್ ಆದಾಯದ ಹಿಂದೆಯೇ ಹೋಗುತ್ತದೆ. ರಿಟರ್ನ್‌ನಲ್ಲಿ ಅದನ್ನು ಮುಂದಕ್ಕೆ ಒಯ್ಯಲು ಕಾಲಂ ಇದೆ. ನಿಮ್ಮ ಹೆಸರಿನಲ್ಲಿ ಹಿಡಿದ ಟಿಡಿಎಸ್ ತೋರಿಸುವ 26ಎಎಸ್ ಪಟ್ಟಿಯಲ್ಲಿ ಕಾಣುವ ರಸೀದಿ ಮೊತ್ತಕ್ಕೂ ನಿಮ್ಮ ಮಾರಾಟಕ್ಕೂ ವ್ಯತ್ಯಾಸ ಬಂದರೆ ಗಾಬರಿ ಬೇಡ. ಈ ಅಡ್ವಾನ್ಸ್‌ಗಳ ಪಟ್ಟಿ ಕೈಯಲ್ಲಿದ್ದರೆ ವಿವರಣೆ ಕೊಡಬಹುದು.

ನಗದಿನ ಬಗ್ಗೆ ಒಂದು ಎಚ್ಚರಿಕೆ. ಒಬ್ಬರಿಂದ ಒಂದು ದಿನಕ್ಕೆ, ಅಥವಾ ಒಂದೇ ವ್ಯವಹಾರಕ್ಕೆ, ಅಥವಾ ಒಂದೇ ಸಮಾರಂಭಕ್ಕೆ ಸೇರಿದ್ದಾಗಿ 2 ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. ಮದುವೆ ಡೆಕೊರೇಷನ್‌ನವರು ನಾಲ್ಕು ದಿನ ನಾಲ್ಕು ರಸೀದಿ ಹರಿದರೂ ಮದುವೆ ಒಂದೇ ಅಲ್ವಾ? ಇದನ್ನು ಎಂಟ್ರಿ ಬದಲಾಯಿಸಿ ಸರಿಮಾಡಲು ಬರುವುದಿಲ್ಲ.

ಬಿಲ್ ಆಗದೆ ಅಡ್ವಾನ್ಸ್ ಕರಗುತ್ತಿದೆ

ನನ್ನ ಕಣ್ಣಿಗೆ ಇದೇ ಎಲ್ಲಕ್ಕಿಂತ ತೊಡಕಿನ ದೋಷ. ಯಾಕೆಂದರೆ ಮಾಡಿದವರಿಗೆ ತಾವು ಸರಿಯಾಗಿಯೇ ಬರೆದಿದ್ದೇವೆ ಅನ್ನಿಸುತ್ತದೆ. "ಅವರ ದುಡ್ಡು, ಅವರ ಮನೆಗೆ ಪ್ಲೈವುಡ್ ತಂದೆ, ಅವರ ಖಾತೆಯಿಂದ ಕಳೆದೆ." ಕೇಳಲು ಎಷ್ಟು ನೇರವಾಗಿದೆ! ಹೀಗೆ ಮಾಡಿದರೆ ಪ್ಲೈವುಡ್ ನಿಮ್ಮ ಖರೀದಿ ಪಟ್ಟಿಯಲ್ಲೇ ಇರುವುದಿಲ್ಲ. ಅದರ ಮೇಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ್ದರಲ್ಲಿ ಕಳೆಯುವ ಅವಕಾಶ) ಹೋಯಿತು. ಕೆಲಸಕ್ಕೆ ಎಷ್ಟು ಖರ್ಚಾಯಿತು ಅನ್ನುವುದು ಮರೆಯಾಯಿತು. ಕೊನೆಗೆ ಆರು ಲಕ್ಷದ ಬಿಲ್ ಆದಾಗ ಕಳೆಯಲು ಅಡ್ವಾನ್ಸೇ ಉಳಿದಿರುವುದಿಲ್ಲ, ಗ್ರಾಹಕರ ಬಾಕಿ ತಪ್ಪಾಗಿ ಜಾಸ್ತಿ ತೋರಿಸುತ್ತದೆ.

ಪರೀಕ್ಷೆ ಒಂದೇ ಪ್ರಶ್ನೆ: ಅಂಗಡಿಯವರು ಕೊಟ್ಟ ಬಿಲ್ ಯಾರ ಹೆಸರಿನಲ್ಲಿದೆ?

ಪ್ಲೈವುಡ್ ಬಿಲ್ ನಿಮ್ಮ ಹೆಸರಿನಲ್ಲಿ, ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ಇದ್ದರೆ ಅದು ನಿಮ್ಮ ಖರೀದಿ. ದುಡ್ಡು ಯಾರ ಅಡ್ವಾನ್ಸ್‌ನಿಂದ ಬಂತು ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಸರಿಪಡಿಸಲು ತಪ್ಪಾದ ಪೇಮೆಂಟ್ ವೋಚರ್‌ನಲ್ಲಿ ಗ್ರಾಹಕರ ಹೆಸರು ತೆಗೆದು ಪ್ಲೈವುಡ್ ಅಂಗಡಿಯ ಲೆಡ್ಜರ್ ಹಾಕಿ, ಆ ಬಿಲ್‌ಗೆ ಎಫ್9 ಪರ್ಚೇಸ್ ವೋಚರ್ ಮಾಡಿ. 50,000 ಪ್ಲೈವುಡ್, 9,000 ಜಿಎಸ್‌ಟಿ ಇದ್ದರೆ ಖರೀದಿ 50,000, ಇನ್‌ಪುಟ್ ಸಿಜಿಎಸ್‌ಟಿ 4,500, ಎಸ್‌ಜಿಎಸ್‌ಟಿ 4,500, ಅಂಗಡಿಗೆ ಕ್ರೆಡಿಟ್ 59,000. ಗ್ರಾಹಕರ ಅಡ್ವಾನ್ಸ್ ಮತ್ತೆ ಪೂರ್ತಿ ಕ್ರೆಡಿಟ್‌ಗೆ ಬರುತ್ತದೆ.

ಇನ್ನೊಂದು ಬಗೆ ಬೇರೆ. ಮನೆಯವರು "ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಬೇಕು, ನೀವೇ ಕಟ್ಟಿಬಿಡಿ" ಅಂತ 15,000 ಕೊಟ್ಟರು. ನೀವು ಕಟ್ಟಿದ್ದು 12,400, ರಸೀದಿ ಮನೆಯವರ ಹೆಸರಿನಲ್ಲಿ. ಇದು ನಿಮ್ಮ ಖರ್ಚೂ ಅಲ್ಲ, ಆದಾಯವೂ ಅಲ್ಲ. ಜಿಎಸ್‌ಟಿ ನಿಯಮ 33ರಲ್ಲಿ ಇದಕ್ಕೆ ಪ್ಯೂರ್ ಏಜೆಂಟ್ ಅಂತಾರೆ. ಗ್ರಾಹಕರು ಒಪ್ಪಿಗೆ ಕೊಟ್ಟಿರಬೇಕು, ಅವರ ಪರವಾಗಿ ಕಟ್ಟಿರಬೇಕು, ನಿಮ್ಮ ಸ್ವಂತ ಕೆಲಸದ ಜೊತೆಗೆ ಇದು ಹೆಚ್ಚುವರಿಯಾಗಿರಬೇಕು, ಬಿಲ್‌ನಲ್ಲಿ ಬೇರೆ ಸಾಲಿನಲ್ಲಿ ತೋರಿಸಬೇಕು, ಎಷ್ಟು ಕಟ್ಟಿದಿರೋ ಅಷ್ಟನ್ನೇ ವಸೂಲಿ ಮಾಡಬೇಕು. ಒಪ್ಪಿಗೆಗೆ ಕೊಟೇಷನ್‌ನಲ್ಲೇ ಒಂದು ಸಾಲು ಬರೆದಿಟ್ಟರೆ ಒಳ್ಳೆಯದು. ಇಷ್ಟಿದ್ದರೆ ಆ ಮೊತ್ತದ ಮೇಲೆ ಜಿಎಸ್‌ಟಿ ಇಲ್ಲ. ಇಂಥ ದುಡ್ಡಿಗೆ ಮಾತ್ರ "ಗ್ರಾಹಕರ ಪರ ಪಾವತಿ" ಅಂತ ಬೇರೆ ಲೆಡ್ಜರ್ ಇಡಿ. 15,000 ಕ್ರೆಡಿಟ್, 12,400 ಡೆಬಿಟ್, ಉಳಿದ 2,600 ವಾಪಸ್ ಕೊಡಿ, ಇಲ್ಲವೇ ಅವರ ಒಪ್ಪಿಗೆ ಪಡೆದು ಕೆಲಸದ ಅಡ್ವಾನ್ಸ್‌ಗೆ ಸೇರಿಸಿ. 2,600ವನ್ನು ಸುಮ್ನೆ ಇಟ್ಟುಕೊಂಡರೆ ಕಟ್ಟಿದಷ್ಟನ್ನೇ ವಸೂಲಿ ಮಾಡಬೇಕು ಅನ್ನುವ ಷರತ್ತು ಮುರಿದ ಹಾಗೆ.

ನಡುವಿನ ಕೇಸುಗಳೂ ಇರುತ್ತವೆ. ಗ್ರಾಹಕರೇ ಟೈಲ್ಸ್ ಅಂಗಡಿಗೆ ಹೋಗಿ ಆರಿಸಿ ಬಂದರು, ಬಿಲ್ ಮಾತ್ರ ನಿಮ್ಮ ಹೆಸರಿಗೆ ಆಯಿತು. ಆಗ ಅದು ನಿಮ್ಮ ಖರೀದಿಯೇ, ಆರಿಸಿದ್ದು ಯಾರು ಅನ್ನುವುದು ಲೆಕ್ಕಕ್ಕೆ ಬಾರದು.

ಜಿಎಸ್‌ಟಿ ಎರಡು ಸಲ ಕಟ್ಟಿದ್ದೀರಾ, ಕಟ್ಟೇ ಇಲ್ಲವಾ?

ನೋಂದಣಿ ಇಲ್ಲದವರು ಈ ಭಾಗ ಬಿಡಬಹುದು.

ಸರಕು ಮಾರುವವರಿಗೆ ಅಡ್ವಾನ್ಸ್ ಮೇಲೆ ಜಿಎಸ್‌ಟಿ ಕಟ್ಟುವ ತಲೆನೋವು 2017ರ ನವೆಂಬರ್ 15ರ ಅಧಿಸೂಚನೆಯಿಂದ ತಪ್ಪಿದೆ. ಸೇವೆ ಕೊಡುವವರಿಗೆ ತಪ್ಪಿಲ್ಲ. ದುಡ್ಡು ಬಂದ ತಿಂಗಳೇ ತೆರಿಗೆ. ಬಿಡಿಯಾಗಿ ಸೋಫಾ, ಮಂಚ ಮಾಡಿ ಕೊಟ್ಟರೆ ಅದು ಸರಕು. ಮನೆಗೇ ಕೂರಿಸಿ ಬಿಗಿಯುವ ಕ್ಯಾಬಿನೆಟ್, ಸೀಲಿಂಗ್ ಕೆಲಸ ವರ್ಕ್ಸ್ ಕಾಂಟ್ರಾಕ್ಟ್, ಕಾನೂನಿನ ಕಣ್ಣಲ್ಲಿ ಸೇವೆ. ಒಂದೇ ಅಂಗಡಿಯಲ್ಲಿ ಎರಡೂ ನಡೆಯುವುದರಿಂದ ಗೊಂದಲ ಸಹಜ.

ವಿದ್ಯಾನಗರದ 2,36,000ದಲ್ಲಿ ತೆರಿಗೆ ಎಷ್ಟು? ಬಂದ ದುಡ್ಡಿನ ಒಳಗೇ ತೆರಿಗೆ ಇದೆ ಅಂತ ಲೆಕ್ಕ. 2,36,000ವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿ: 36,000. ಇಲ್ಲಿ ಆಗುವ ಮಾಮೂಲಿ ತಪ್ಪು ಅಂದರೆ ಪೂರ್ತಿ ಮೊತ್ತಕ್ಕೆ 18% ಹಾಕುವುದು. ಆಗ 42,480 ಆಗುತ್ತದೆ, 6,480 ಸುಮ್ನೆ ಜಾಸ್ತಿ. ಸರಿಯಾದ ಎಂಟ್ರಿ ಜರ್ನಲ್‌ನಲ್ಲಿ:

ಅಡ್ವಾನ್ಸ್ ಮೇಲಿನ ಜಿಎಸ್‌ಟಿ ಡೆಬಿಟ್ 36,000
ಔಟ್‌ಪುಟ್ ಸಿಜಿಎಸ್‌ಟಿ ಕ್ರೆಡಿಟ್ 18,000
ಔಟ್‌ಪುಟ್ ಎಸ್‌ಜಿಎಸ್‌ಟಿ ಕ್ರೆಡಿಟ್ 18,000

ಗ್ರಾಹಕರಿಗೆ ರಿಸಿಪ್ಟ್ ವೋಚರ್ ಕೊಡಬೇಕು. ಆ ತಿಂಗಳೇ ಬಿಲ್ ಆಗದಿದ್ದರೆ ಮಾರಾಟದ ವಿವರ ಕೊಡುವ ರಿಟರ್ನ್ ಜಿಎಸ್‌ಟಿಆರ್-1ರ 11ಎ ಕೋಷ್ಟಕದಲ್ಲಿ ತೋರಿಸಬೇಕು. ಮೇ ತಿಂಗಳ ಬಿಲ್‌ನಲ್ಲಿ ತೆರಿಗೆ ಪೂರ್ತಿ 1,08,000 ಇರುತ್ತದೆ. ಆದರೆ 11ಬಿ ಕೋಷ್ಟಕದಲ್ಲಿ 36,000 ಹೊಂದಾಣಿಕೆ ತೋರಿಸಿ, ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿಯಲ್ಲೂ ಕಳೆದು, 72,000 ಮಾತ್ರ ಕಟ್ಟಬೇಕು. ಪುಸ್ತಕದಲ್ಲಿ ಮೇಲಿನ ಜರ್ನಲ್ ತಿರುಗಿಸಿ ಹಾಕಬೇಕು.

11ಬಿ ಮರೆತರೆ 36,000 ಎರಡು ಸಲ ಕಟ್ಟಿದ ಹಾಗೆ. ಯಾರೂ ನೋಟಿಸ್ ಕಳಿಸುವುದಿಲ್ಲ, ಜಾಸ್ತಿ ಕಟ್ಟಿದ್ದೀರಲ್ಲ! ಹಾಗಾಗಿ ನೀವೇ ಹಿಡಿಯಬೇಕು. ಅದಕ್ಕೊಂದು ಚುರುಕಾದ ಪರೀಕ್ಷೆ ಇದೆ. ಸೇವೆಯ ಗ್ರಾಹಕರ ಕ್ರೆಡಿಟ್ ಬಾಕಿಗಳನ್ನೆಲ್ಲ ಕೂಡಿ, 18/118 ಮಾಡಿ. "ಅಡ್ವಾನ್ಸ್ ಮೇಲಿನ ಜಿಎಸ್‌ಟಿ" ಲೆಡ್ಜರ್ ಬಾಕಿ ಅಷ್ಟೇ ಇರಬೇಕು. ಕ್ರೆಡಿಟ್ ಬಾಕಿ 5,90,000 ಇದ್ದರೆ ಲೆಡ್ಜರ್‌ನಲ್ಲಿ 90,000. ಅದಕ್ಕಿಂತ ಜಾಸ್ತಿ ಇದ್ದರೆ ಬಿಲ್ ಆದ ಯಾವುದೋ ಕೆಲಸದ ಹೊಂದಾಣಿಕೆ ಬಿಟ್ಟುಹೋಗಿದೆ. ಕಡಿಮೆ ಇದ್ದರೆ ಯಾವುದೋ ಅಡ್ವಾನ್ಸ್‌ಗೆ ತೆರಿಗೆ ಕಟ್ಟಿಲ್ಲ. ಗ್ರಾಹಕರ ಪರ ಪಾವತಿಯ ದುಡ್ಡು ಮತ್ತು ಬಿಡಿ ಸರಕಿನ ಅಡ್ವಾನ್ಸ್ ಈ ಲೆಕ್ಕದಲ್ಲಿ ಸೇರಬಾರದು.

ಕಟ್ಟೇ ಇಲ್ಲದಿದ್ದರೆ ಏನಾಗುತ್ತದೆ? ಬಿಲ್ ತಿಂಗಳಲ್ಲಿ ಪೂರ್ತಿ ತೆರಿಗೆ ಹೋಗಿರುವುದರಿಂದ ಅಸಲು ಬಾಕಿ ಇಲ್ಲ, ತಡವಾದ್ದಕ್ಕೆ ವರ್ಷಕ್ಕೆ 18% ಬಡ್ಡಿ. ಫೆಬ್ರವರಿಯದ್ದು ಮಾರ್ಚ್ 20ಕ್ಕೆ ಕಟ್ಟಬೇಕಿತ್ತು, ಜೂನ್ 20ಕ್ಕೆ ಕಟ್ಟಿದಿರಿ ಅಂದರೆ 36,000ಕ್ಕೆ ಸುಮಾರು 1,600 ರೂಪಾಯಿ. ಸ್ವತಃ ಕಟ್ಟಿ ಮುಗಿಸುವುದು ಮೇಲು.

ಒಟ್ಟು ಸರಿ, ಕೆಲಸವಾರು ತಪ್ಪು

ವಿದ್ಯಾನಗರದ ಅಡ್ವಾನ್ಸ್‌ನಿಂದ ನಿಟುವಳ್ಳಿ ಮನೆಯ ಕೂಲಿ ಕೊಡುವುದು ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ. ಬ್ಯಾಂಕ್ ಖಾತೆ ಒಂದೇ, ತಪ್ಪೇನಿಲ್ಲ. ಖರ್ಚು ಯಾವ ಕೆಲಸದ್ದು ಅಂತ ಬರೆಯದಿದ್ದರೆ ಮಾತ್ರ ತೊಂದರೆ. ಟ್ಯಾಲಿಯಲ್ಲಿ ಒಂದೊಂದು ಕೆಲಸಕ್ಕೆ ಒಂದು ಕಾಸ್ಟ್ ಸೆಂಟರ್ (ಆ ಕೆಲಸದ ಖರ್ಚು ಬೇರೆಯಾಗಿ ಕೂಡಿಸುವ ಹೆಸರು) ಮಾಡಿ, ಖರೀದಿ, ಕೂಲಿ, ಸಾಗಾಣಿಕೆ ಎಲ್ಲಕ್ಕೂ ಅದನ್ನು ಕಡ್ಡಾಯ ಮಾಡಿ. ಆಮೇಲೆ ಅಡ್ವಾನ್ಸ್‌ಗಿಂತ ಖರ್ಚು ಮುಂದೆ ಹೋದ ಕೆಲಸ ಯಾವುದು ಅಂತ ಒಂದು ನೋಟಕ್ಕೆ ಕಾಣುತ್ತದೆ. ಎರಡನೇ ಕಂತು ಕೇಳಬೇಕಾದ್ದು ಆ ಕೆಲಸದ ಗ್ರಾಹಕರ ಹತ್ತಿರ.

ಕೆಲಸ ರದ್ದಾದರೆ

ಬಿಲ್ ಆಗುವ ಮೊದಲೇ ಅಡ್ವಾನ್ಸ್ ವಾಪಸ್ ಕೊಟ್ಟರೆ ಪೇಮೆಂಟ್ ವೋಚರ್‌ನಲ್ಲಿ ಅದೇ ಅಡ್ವಾನ್ಸ್ ರೆಫ್ ಎದುರು ಹಾಕಿ, ಗ್ರಾಹಕರಿಗೆ ರಿಫಂಡ್ ವೋಚರ್ ಕೊಡಿ. ಕಟ್ಟಿದ ಜಿಎಸ್‌ಟಿಗೆ ಆರ್‌ಎಫ್‌ಡಿ-01 ಅರ್ಜಿ ಹಾಕಿ ವಾಪಸ್ ಕೇಳಬಹುದು. ಬಿಲ್ ಆಗಿಬಿಟ್ಟಿದ್ದರೆ ದಾರಿ ಬೇರೆ, ಕ್ರೆಡಿಟ್ ನೋಟ್ ಬೇಕು. ಡಿಸೈನ್ ಮಾಡಿಕೊಟ್ಟದ್ದಕ್ಕೆ ಅಂತ ಸ್ವಲ್ಪ ಇಟ್ಟುಕೊಂಡಿದ್ದರೆ ಅಷ್ಟಕ್ಕೆ ಬಿಲ್ ಹಾಕಿ. ವರ್ಷಗಟ್ಟಲೆ ಅಲುಗಾಡದೆ ಕೂತಿರುವ ಕ್ರೆಡಿಟ್ ಬಾಕಿಗಳಲ್ಲಿ ಹೀಗೆ ಮಾತಿನಲ್ಲೇ ಮುಗಿದುಹೋದ ಕೆಲಸಗಳು ಇರುತ್ತವೆಯೇ ಅಂತ ಮಾಲೀಕರನ್ನು ಕೇಳಿ.

ಸರಿಪಡಿಸುವುದು ಯಾವ ತಾರೀಖಿಗೆ?

ಮೊದಲು ಬ್ಯಾಕಪ್. ಚಾಲ್ತಿ ವರ್ಷದ ತಪ್ಪಾದರೆ, ಆ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಸಂಬಂಧವಿಲ್ಲದಿದ್ದರೆ, ಅದೇ ವೋಚರ್ ತಿದ್ದಿ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡು ಉಳಿಸುವ ಸಾಫ್ಟ್‌ವೇರ್ ಕಡ್ಡಾಯ. ಯಾಕೆ ತಿದ್ದಿದಿರಿ ಅಂತ ನರೇಷನ್‌ನಲ್ಲಿ ಎರಡು ಮಾತು ಇರಲಿ. ಆಡಿಟ್ ಆಗಿ ಮುಚ್ಚಿದ ವರ್ಷವನ್ನು ಮುಟ್ಟಬೇಡಿ. ಇವತ್ತಿನ ತಾರೀಖಿನ ಜರ್ನಲ್ ಹಾಕಿ "ಹಿಂದಿನ ವರ್ಷದ ಹೊಂದಾಣಿಕೆ" ಲೆಡ್ಜರ್ ಮೂಲಕ ಸರಿಮಾಡಿ, ಆಡಿಟರ್‌ಗೆ ಪಟ್ಟಿ ಕೊಡಿ. ರಿಟರ್ನ್ ಸಲ್ಲಿಸಿಯಾದ ತಿಂಗಳಿನ ಜಿಎಸ್‌ಟಿ ತಪ್ಪನ್ನು ಮುಂದಿನ ರಿಟರ್ನ್‌ನಲ್ಲಿ ತಿದ್ದಬೇಕು. ಒಂದು ಹಣಕಾಸು ವರ್ಷದ ತಪ್ಪಿಗೆ ಅವಕಾಶ ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ತನಕ, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ. ಐದು ಕಾಲಂ ಹಾಳೆಯನ್ನು ದಸರಾ ರಜೆ ಮುಗಿದ ಕೂಡಲೇ ಹಿಡಿದು ಕೂತರೆ ಆ ಗಡುವಿಗೆ ಸಮಯ ಇರುತ್ತದೆ.